ಸವೆದ ಬಿಳಿ ಗೆರೆ

ಒದ್ದೆ ಕಾಲುಚೀಲ ಹಿಂಡುತ್ತಿದ್ದ ಕೈ ಅಲ್ಲೇ ನಿಂತಿತು, ಮೆಟ್ಟಿಲು ಇಳಿಯುತ್ತಿದ್ದ ಅವರ ಹೆಜ್ಜೆ ಎರಡನೇ ಮಹಡಿಯ ತಿರುವಿನಲ್ಲಿ ತಡೆದಿದೆ, ಇಳಿದುಬಿಡಿ ರೀ, ದಮ್ಮಯ್ಯ, ಇವತ್ತೊಂದು ದಿನ ತಿರುಗಿ ಬರಬೇಡಿ, ಸೋಪಿನ ನೀರು ಮೊಣಕೈಗೆ ಹರಿಯುತ್ತಿದೆ, ಒರೆಸಿಕೊಳ್ಳೋಕೂ ಧೈರ್ಯವಿಲ್ಲ, ನಾನು ಅಲುಗಾಡಿದರೆ ಅವರು ವಾಪಸು ಬಂದುಬಿಡುತ್ತಾರೇನೋ ಅನ್ನೋ ಹಾಗೆ — ನನಗೂ ಹತ್ತಿತೇ ಇದು. ಲಿಫ್ಟ್ ರಿಪೇರಿ ಮಾಡೋರ ಮನೆ ಲಿಫ್ಟೇ ಇಲ್ಲದ ಕಟ್ಟಡದ ನಾಲ್ಕನೇ ಮಹಡಿಯಲ್ಲಿ, ಊರನ್ನೆಲ್ಲ ಮೇಲೆತ್ತೋನು ತಾನು ಮಾತ್ರ ಮೆಟ್ಟಿಲಲ್ಲಿ ಸಿಕ್ಕಿಹಾಕ್ಕೋತಾನೆ ಅಂತ ಮೊನ್ನೆ ಮನೆಗೆ ಬಂದಿದ್ದ ಭಾವ ನಗಾಡಿದರು, ತಮ್ಮನ ಬೆನ್ನು ತಟ್ಟಿ, ಗಂಡಸಿಗೆ ಎಂಥದೋ ಭಯ, ತಲೆಗೆ ಹುಳ ಬಿಟ್ಕೊಂಡಿದ್ದೀಯ ಅಷ್ಟೆ, ಇವರೂ ನಕ್ಕರು, ನಕ್ಕು ಎದ್ದು ಅಡುಗೆಮನೆಗೆ ಬಂದು ಒಲೆಯ ನಾಬ್ ಮೇಲೆ ಹೆಬ್ಬೆರಳಿಟ್ಟರು, ಒತ್ತಿ, ಬಿಗಿದು, ಮತ್ತೆ ಒತ್ತಿ. ಒಲೆ ಆರಿದೆ ಅಂತ ತೋರಿಸೋ ಬಿಳಿ ಗೆರೆ ಆ ಹೆಬ್ಬೆರಳಿಗೇ ಸವೆದು ಹೋಗಿದೆ.

ಎರಡು ವರ್ಷದ ಕೆಳಗೆ ಇವರು ನೋಡಿಕೊಳ್ಳೋ ಲಿಫ್ಟಿನಲ್ಲಿ ಒಬ್ಬ ಹೆಂಗಸು ನಲವತ್ತು ನಿಮಿಷ ಸಿಕ್ಕಿಕೊಂಡಳು, ಏನೂ ಆಗಲಿಲ್ಲ, ಹೊರಗೆ ಬಂದು ನೀರು ಕುಡಿದು ಮನೆಗೆ ಹೋದಳು, ಇವರ ತಲೆಯೊಳಗೆ ಮಾತ್ರ ಅವಳು ದಿನಾ ಸಾಯುತ್ತಾಳೆ, ಬೋಲ್ಟ್ ಬಿಗಿ ಮಾಡಿದ್ನಾ, ಬಾಗಿಲು ಹಾಕಿದ್ನಾ, ಗ್ಯಾಸ್ ಆಫ್ ಆಗಿದೆಯಾ ಲೇ, ಆಗಿದೆ ರೀ, ನಿಜವಾಗ್ಲೂ, ನಿಜವಾಗ್ಲೂ ರೀ — ತಿರುಗಿಯೂ ನೋಡದೆ ಹೂಂ ಅಂದಿದ್ದೇನೆ, ಒಮ್ಮೆ ಒಲೆ ಮೇಲೆ ಹಾಲು ಉಕ್ಕುತ್ತಿದ್ದಾಗಲೂ ಅಂದೆ, ಪ್ರೀತಿ ಅಂದರೆ ಅದೇ ಅಂದುಕೊಂಡಿದ್ದೆ. ಕೌನ್ಸೆಲರ್ ಬೈಯಲಿಲ್ಲ, ಮೆಲ್ಲಗೆ ಹೇಳಿದರು, ನಿಮ್ಮ ಹೂಂ ಅವರಿಗೆ ಮಾತ್ರೆ ಇದ್ದ ಹಾಗೆ ತಾಯಿ, ಹತ್ತು ನಿಮಿಷಕ್ಕೆ ಇಳಿದುಹೋಗುತ್ತೆ, ಇನ್ನೊಂದು ಬೇಕಾಗುತ್ತೆ, ಇನ್ಮೇಲೆ ಕೇಳಿದರೆ ಕೊಡಬೇಡಿ. ಅಲ್ಲಿಗೆ ಹೋಗೋ ದಿನ ಇವರು ಕೆಲಸದಲ್ಲಿ ಹಲ್ಲುನೋವು ಅಂತಾರೆ, ಆರು ವಾರದಿಂದ ಹಲ್ಲು ಕೀಳಿಸ್ತಿದ್ದೀಯಲ್ಲೋ, ಬಾಯಲ್ಲಿ ಇನ್ನೂ ಏನಾದ್ರೂ ಉಳಿದಿದೆಯಾ ಅಂದರಂತೆ ಜೊತೆಯವರು, ನಿನ್ನೆ ರಾತ್ರಿ ಅದನ್ನು ಹೇಳಿ ನಗಲು ಹೋದವರು ಅರ್ಧ ಊಟಕ್ಕೇ ಕೈ ತೊಳೆದು ಎದ್ದರು, ಮಗಳು ತಟ್ಟೆಯಿಂದ ತಲೆಯೆತ್ತಿದಳು, ಏನೋ ಕೇಳೋಕೆ ಬಾಯಿ ತೆರೆದು ಮುಚ್ಚಿದಳು, ಈಚೆಗೆ ಹಾಗೇ ಅವಳು, ಸ್ಕೂಲ್ ಬ್ಯಾಗಿನ ಜಿಪ್ ಎಳೆದು, ತೆಗೆದು, ಮತ್ತೆ ಎಳೀತಾಳೆ, ಏನೇ ಅಂದರೆ ಏನಿಲ್ಲಮ್ಮ, ಬಿಡಿಸಿ ಕೇಳೋಕೆ ನನಗಾದರೂ ಎಲ್ಲಿದೆ ಪುರುಸೊತ್ತು, ಇರೋ ಎರಡು ಕಿವಿಯೂ ಮೆಟ್ಟಿಲ ಮೇಲೇ —

ಹತ್ತಿ ಬರುತ್ತಿದ್ದಾರೆ. ಇವತ್ತೂ ತಡವಾದರೆ ನಾಳೆಯಿಂದ ಬರೋದೇ ಬೇಡ ಅಂದಿದ್ದಾರೆ ಸೂಪರ್‌ವೈಸರ್, ಕಾಲುಚೀಲ ಕೈಯಲ್ಲೇ ಹಿಡಿದು ಬಾಗಿಲ ಹತ್ತಿರ ಹೋದೆ, ಆಚೆ ಅವರ ಉಸಿರು, ಕೀ ಜೇಬಿನಲ್ಲಿದ್ದರೂ ತೆಗೆಯುತ್ತಿಲ್ಲ, ಪಾಪ, ಅವರೂ ಗುದ್ದಾಡುತ್ತಿದ್ದಾರೆ, ಲೇ, ಆಫ್ ಆಗಿದೆಯಾ, ಅದೊಂದು ಹೇಳಿಬಿಡು ಸಾಕು, ಹೊರಟುಹೋಗ್ತೀನಿ. ಹೂಂ ನಾಲಿಗೆ ತುದಿಗೆ ಬಂದಿದೆ, ಒದ್ದೆ ಬಟ್ಟೆಯನ್ನು ಬಾಯಿಗೆ ಒತ್ತಿಕೊಂಡೆ, ಸೋಪಿನ ಕಹಿ, ಹೆರಿಗೆ ನೋವಿನಲ್ಲೂ ಇಷ್ಟು ಹಲ್ಲು ಕಚ್ಚಿರಲಿಲ್ಲ. ಪ್ಲೀಸ್ ಕಣೇ. ಹನ್ನೊಂದು ವರ್ಷದಲ್ಲಿ ಒಂದು ಸಲವೂ ನನಗೆ ಪ್ಲೀಸ್ ಅಂದವರಲ್ಲ, ಬಾಗಿಲಿಗೆ ಹಣೆ ತಾಗಿದ ಸದ್ದು, ನನ್ನ ಹಣೆಯ ನೇರಕ್ಕೇ, ನಡುವೆ ಒಂದು ಹಲಗೆ, ಎಷ್ಟು ಹೊತ್ತೋ — ಆಮೇಲೆ ಹೆಜ್ಜೆ, ಇಳಿಯುವ ಹೆಜ್ಜೆ, ಮೂರನೇ ಮಹಡಿ, ಎರಡನೆಯದರ ತಿರುವು, ತಡೆಯಲಿಲ್ಲ, ತಡೆಯಲೇ ಇಲ್ಲ, ಕೆಳಗೆ ಗೇಟಿನ ಕಿರ್ರ್. ಹೋದರು. ಯಾರಿಗೆ ಹೇಳಲಿ, ಕಣ್ಣಿಂದ ಇಳಿಯುತ್ತಿರೋದು ಸೋಪೋ ಏನೋ, ಇವತ್ತು ಮಗಳ ಜಡೆ ನಿಧಾನವಾಗಿ ಹೆಣೆಯಬೇಕು, ಏನು ಕೇಳಬೇಕಿತ್ತೇ ಅಂತ ಕೂರಿಸಿಕೊಂಡು ಕೇಳಬೇಕು ಅಂದುಕೊಂಡು ಅಡುಗೆಮನೆಗೆ ತಿರುಗಿದರೆ, ಬ್ಯಾಗ್ ಬೆನ್ನಿಗೇರಿಸಿ, ತುದಿಗಾಲಲ್ಲಿ ನಿಂತು, ಒಲೆಯ ಮುಂದೆ ಅವಳು, ಗೆರೆ ಸವೆದ ನಾಬ್ ಮೇಲೆ ಪುಟ್ಟ ಹೆಬ್ಬೆರಳು, ಒತ್ತಿ, ಬಿಗಿದು, ಮತ್ತೆ ಒತ್ತಿ — ಅಮ್ಮಾ, ಆಫ್ ಆಗಿದೆ ತಾನೇ?