ಹೆಸರಿಡದ ಅಂಚು

ದೊಡ್ಡಬಳ್ಳಾಪುರದ ನೇಕಾರರ ಸಂಘದ ಕಚೇರಿಯಲ್ಲಿ ಅಕ್ಷತ ಬೆಳಗಿನಿಂದ ಪರದೆಯ ಮೇಲಿನ ಒಂದೇ ಸಾಲು ನೋಡುತ್ತ ಕೂತಿದ್ದಳು: ಸಂಪರ್ಕ ಆಗಲಿಲ್ಲ. ಪಕ್ಕದ ಶೆಡ್ಡಿನಲ್ಲಿ ಮಗ್ಗಗಳು ಬಡಿಯುತ್ತಲೇ ಇದ್ದವು. ಆ ಸದ್ದಿಗೆ ಕಿಟಕಿ ಗಾಜು, ಲೋಟದ ನೀರು, ಅವಳ ರೆಪ್ಪೆ ಎಲ್ಲ ಸಣ್ಣಗೆ ನಡುಗಿ, ಎಚ್ಚರವೋ ಮಂಪರೋ ತಿಳಿಯದಂತಾಗಿತ್ತು.

ಸಂಘದ ಹಳೇ ಸೀರೆ ಅಂಚುಗಳ ಚಿತ್ರ, ಹೆಸರುಗಳೆಲ್ಲ ಹದಿನೈದು ವರ್ಷದ ಹಿಂದಿನ ಡೇಟಾಬೇಸಿನಲ್ಲಿದ್ದವು. ಅದು ಕೂತಿದ್ದ ಕಂಪ್ಯೂಟರ್ ಇವತ್ತೋ ನಾಳೆಯೋ ಎನ್ನುವಂತಿತ್ತು. ಅದು ಕಣ್ಣು ಮುಚ್ಚುವ ಮೊದಲು ಅಂಚುಗಳನ್ನು ಹೊಸ ಕಂಪ್ಯೂಟರಿಗೆ ತರಬೇಕು. ಅಕ್ಷತ ಅದಕ್ಕೆಂದೇ ಜಾವಾದ ಒಂದು ಟೂಲ್ ಹಾಕಿಕೊಂಡಿದ್ದಳು. ಅದು ಹಳೆಯದರ ಜೊತೆ ಮಾತೇ ಆಡುತ್ತಿರಲಿಲ್ಲ.

ಮಗ್ಗದಲ್ಲಿ ಕಿತ್ತ ಎಳೆಗಳಿಗೆ ಗಂಟು ಹಾಕುವ ದ್ಯಾವಮ್ಮ ನೀರು ಕುಡಿಯಲು ಬಂದವಳು ಅಲ್ಲೇ ಕೂತಳು. “ಯಾಕವ್ವಾ, ಮುಖ ಹಿಂಗೆ?”

“ಇವೆರಡರ ಮಧ್ಯೆ ಮಾತು ದಾಟಿಸೋಕೆ ಡ್ರೈವರ್ ಅಂತ ಒಂದಿರುತ್ತೆ ಅಜ್ಜಿ. ಇದರಲ್ಲಿರೋದು ತೀರಾ ಹೊಸದು. ಹಳೇದರ ಭಾಷೆ ಬರಲ್ಲ.”

“ನಮ್ಮತ್ತೆ ತೆಲುಗು, ನಾನು ಕನ್ನಡ. ಎರಡೂ ಬರೋ ನಾದಿನಿ ಇರೋವರೆಗೂ ಜಗಳಾನೇ ಇರ್ಲಿಲ್ಲ” ಎಂದಳು ದ್ಯಾವಮ್ಮ, ಅದೇ ಸರಿಯಾದ ಉತ್ತರವೆಂಬಂತೆ.

ಅಕ್ಷತ ನಕ್ಕು, ಡೇಟಾಬೇಸ್ ಕಟ್ಟಿದ್ದ ಗೋವಿಂದರಾಜುಗೆ ಫೋನ್ ಮಾಡಿದಳು. ಅವನೀಗ ಅನುಗೊಂಡನಹಳ್ಳಿಯಲ್ಲಿ ತನ್ನ ಹೊಲ ನೋಡಿಕೊಂಡಿದ್ದ. ಮಾತಿನ ಹಿಂದೆ ನೀರು ಹರಿಯುವ ಸದ್ದು ಕೇಳುತ್ತಿತ್ತು.

“ಹಳೇ ಮಿಷನ್ನಲ್ಲಿ ‘ಲಿಬ್’ ಅನ್ನೋ ಫೋಲ್ಡರ್ ನೋಡಮ್ಮ. ಆ ಕಾಲದ ಡ್ರೈವರ್ ಫೈಲು, ಜಾರ್ ಅಂತಾರೆ, ಅಲ್ಲೇ ಇರುತ್ತೆ. ಹೊಸದನ್ನ ತೆಗೆದು ಅದನ್ನ ಹಾಕು.”

ಹಾಕಿದಳು. ಈಗ ಬೇರೆ ತಕರಾರು: ಡ್ರೈವರ್ ಕ್ಲಾಸ್ ಸಿಗಲಿಲ್ಲ.

“ಜಾರ್ ಹಳೇದು, ಟೂಲ್ ಹುಡುಕ್ತಿರೋದು ಹೊಸ ಹೆಸರನ್ನ. ಆ ಹೆಸರನ್ನೂ ಬದಲಾಯಿಸು.”

ಬದಲಾಯಿಸಿದಳು. ಹಳೇ ಡೇಟಾಬೇಸಿನ ಬಾಗಿಲು ತೆರೆಯಿತು. ಇನ್ನೂರ ಹದಿನಾಲ್ಕು ಅಂಚುಗಳು ಸಾಲಾಗಿ ನಿಂತಿದ್ದವು. ಆದರೆ ಹೆಸರಿರಬೇಕಾದ ಜಾಗದಲ್ಲೆಲ್ಲ ಬರೀ ಪ್ರಶ್ನಾರ್ಥಕ ಚಿಹ್ನೆ.

“ಅಣ್ಣಾ, ಕನ್ನಡ ಹೋಗ್ಬಿಟ್ಟಿದೆ.”

“ಎಲ್ಲೂ ಹೋಗಿಲ್ಲ ಕಣಮ್ಮ. ಡ್ರೈವರ್ ಪ್ರಾಪರ್ಟೀಸಲ್ಲಿ ಎನ್‌ಕೋಡಿಂಗ್ ಅಂತ ಇದೆ, ಅಲ್ಲಿ ಯುಟಿಎಫ್-ಎಂಟು ಅಂತ ಬರಿ, ಕನ್ನಡ ಅಕ್ಷರ ಓದೋಕೆ ಬರುತ್ತೆ ಅದಕ್ಕೆ.”

ಅವಳು ಬರೆಯುವಾಗಲೇ ಕರೆಂಟ್ ಹೋಯಿತು. ಬೀದಿಯ ಅಷ್ಟೂ ಮಗ್ಗಗಳು ಒಮ್ಮೆಲೇ ನಿಂತವು. ಯುಪಿಎಸ್ ಮೇಲೆ ಉಸಿರಾಡುತ್ತಿದ್ದ ಎರಡು ಕಂಪ್ಯೂಟರು ಬಿಟ್ಟರೆ ಊರೇ ನೀರೊಳಗೆ ಇಳಿದಂತೆ ಮೌನ. ಆ ಮೌನದಲ್ಲಿ ಅಕ್ಷರಗಳು ಕೆಳಗಿಂದ ತೇಲಿ ಬಂದವು. ಅಕ್ಷತ ಮೆಲ್ಲಗೆ ಓದಿದಳು: “ಹುಣಸೆ ಚಿಗುರು. ಮೊಲದ ಹೆಜ್ಜೆ. ಅವರೆ ಹೂವು. ಸಂತೆ ದಾರಿ. ನಿದ್ದೆಗಣ್ಣು...”

ದ್ಯಾವಮ್ಮ ಎದ್ದು ನಿಂತಿದ್ದಳು. “ಅವೆಲ್ಲ ನಾನಿಟ್ಟಿದ್ದು” ಎಂದಳು. “ಗೋವಿಂದರಾಜು ಊಟದ ಹೊತ್ತಲ್ಲಿ ಚಿತ್ರ ತೋರಿಸಿ, ಇದೇನ್ ಕಾಣುತ್ತೆ ಅಂತ ಕೇಳೋನು. ಬರ್ಕೊಂಡಿದ್ನಾ? ನಾನು ತಮಾಷೆಗೆ ಅಂದ್ಕೊಂಡಿದ್ದೆ.”

ಓದು ಬಾರದ ಅವಳ ಬೆರಳು ಪರದೆಯ ಹತ್ತಿರ ಹೋಗಿ, ಮುಟ್ಟದೆ, ಸಾಲಿನುದ್ದಕ್ಕೂ ಸರಿಯಿತು. “ಮೊಲದ ಹೆಜ್ಜೆ ಯಾವ್ದು?” ಅಕ್ಷತ ತೋರಿಸಿದಳು. “ಇಷ್ಟೇ ಇಷ್ಟು ಜಾಗ ಹಿಡಿಯುತ್ತಾ!” ಎಂದು ಅಚ್ಚರಿಪಟ್ಟಳು.

ಕೊನೆಯ ಸಾಲಿಗೆ ಹೆಸರಿರಲಿಲ್ಲ. ಅಕ್ಷತ ಮತ್ತೆ ಎನ್‌ಕೋಡಿಂಗ್ ನೋಡಿದಳು, ಸರಿಯಾಗೇ ಇತ್ತು. ಫೋನನ್ನು ಸ್ಪೀಕರಿಗೆ ಹಾಕಿ ಗೋವಿಂದರಾಜುನ ಕೇಳಿದಳು.

“ಅದು ಕೆಟ್ಟಿಲ್ಲಮ್ಮ, ಖಾಲೀನೇ. ಅಜ್ಜಿ ಅವತ್ತು ಬಂದಿರ್ಲಿಲ್ಲ. ನಾನೇ ಇಡೋಕೆ ಹೋದೆ, ಏನೂ ಹೊಳೀಲಿಲ್ಲ.”

ಅಕ್ಷತ ಚಿತ್ರ ತೆರೆದಳು. ಹಸಿರು ನೆಲದ ಮೇಲೆ ಬಾಗಿದ ಗೆರೆಗಳು, ತುದಿಯಲ್ಲಿ ಬಿಳಿ ಚುಕ್ಕಿಗಳು. ದ್ಯಾವಮ್ಮ ಕಣ್ಣು ಕಿರಿದಾಗಿಸಿ ನೋಡಿದಳು, ದೂರದ ಹೊಲ ನೋಡುವಂತೆ.

“ಇಬ್ಬನಿ ಕುಡಿದ ರಾಗಿ” ಎಂದಳು.

“ಸರಿ ಹೋಯ್ತು” ಎಂದ ಗೋವಿಂದರಾಜು.

ಅಕ್ಷತ ಒಂದೊಂದೇ ಅಕ್ಷರ ಒತ್ತಿದಳು. ದ್ಯಾವಮ್ಮ ಹಿಂದೆ ನಿಂತು, ಪ್ರತಿ ಅಕ್ಷರಕ್ಕೂ ಸಣ್ಣಗೆ ತಲೆಯಾಡಿಸುತ್ತಿದ್ದಳು.