ಒಂಬತ್ತೂಕಾಲರ ಹಾಜರಿ

"ರೀ ಮೇಡಂ, ಮ್ಯೂಟ್ ಮಾಡ್ರೀ! ನಿಮ್ಮನೆ ಗಟಾರ ಎಲ್ಲಾ ನಮ್ಮ ಕಿವಿಗೇ ಹರೀತಾ ಇದೆ!"

ಟ್ಯಾಬಿನಲ್ಲಿ ಪಾಠ ಮಾಡುವ ತರಬೇತಿ ಕೊಡುತ್ತಿದ್ದ ಸಾಹೇಬರು ಹೀಗೆ ಗದರಿದಾಗ, ಅದು ತನಗೇ ಹೇಳಿದ್ದೆಂದು ಮೇಡಂಗೆ ಹೊಳೆಯಲೇ ಇಲ್ಲ. ಫೋನಿನ ಪರದೆಯಲ್ಲಿ ಐವತ್ತು ಶಾಲೆಗಳ ಮೇಷ್ಟರುಗಳು ಐವತ್ತು ಚೌಕಗಳಲ್ಲಿ ಕೂತು ನಗುತ್ತಿದ್ದರು. ಬೆನ್ನ ಹಿಂದೆ, ಬಚ್ಚಲ ಕಲ್ಲಿನ ಮೇಲೆ ನಿಂತ ಅವ್ವ ಆಗಷ್ಟೇ ಗಟಾರದ ಕೆಲಸದಿಂದ ಬಂದು ಪಕ್ಕದ ಮನೆಯವಳಿಗೆ ಕೂಗಿ ಹೇಳುತ್ತಿದ್ದಳು: "ಆ ಮೇಸ್ತ್ರಿ ಮುಂಡೇಗಂಡ ಇವತ್ತೂ ಗ್ಲೌಸ್ ಕೊಡ್ಲಿಲ್ಲ ಕಣೇ. ಬರಿಗೈಲಿ ಹೂಳೆತ್ತಿ ಸಾಕಾಯ್ತು. ಒಂಚೂರು ನೀರು ಹುಯ್ಯಿ, ವಾಸನೆ ಹೋಗ್ಲಿ."

ಮೇಡಂ ಗಾಬರಿಯಿಂದ ಯಾವುದೋ ಗುಂಡಿ ಒತ್ತಿದಳು. ಮಾತು ನಿಲ್ಲಲಿಲ್ಲ, ಕ್ಯಾಮೆರಾ ತಿರುಗಿತು. ಒಂದೇ ಕೋಣೆಯ ಮನೆ, ಹಗ್ಗದ ಮೇಲಿನ ಬಟ್ಟೆ, ಮೊಣಕಾಲ ತನಕ ಕಪ್ಪು ಕೆಸರು ಮೆತ್ತಿದ್ದ ಅವ್ವನ ಕಾಲುಗಳು ಐವತ್ತು ಶಾಲೆಗಳಿಗೂ ಕಂಡವು. ಅವಳ ಶಾಲೆಯ ಹೆಡ್‌ಮಾಸ್ಟರ್ ಕೆಳಗೆ ಒಂದು ಸಾಲು ಬರೆದು ಕಳಿಸಿದರು: 'ಇವರು ಗುತ್ತಿಗೆಯವರು ಸಾರ್.' ನಮ್ಮವರಲ್ಲ ಎನ್ನುವುದಕ್ಕೆ ಅಷ್ಟು ಸಾಕಿತ್ತು.

ಎಲ್ಲ ಮುಗಿದ ಮೇಲೆ ಅವ್ವ ಕಾಲೊರೆಸಿಕೊಳ್ಳುತ್ತಾ ಒಳಗೆ ಬಂದಳು.

"ಯಾಕೆ ಮುಖ ಹಿಂಗೆ? ನಾನು ಬೈದಿದ್ದು ಅವರಿಗೆಲ್ಲ ಕೇಳ್ತಾ?"

"ಕೇಳ್ತು."

"ಮೇಸ್ತ್ರಿಗೂ ಕೇಳ್ತಾ?"

"ಅವನು ಅಲ್ಲಿಲ್ಲ ಅವ್ವ."

"ಹಾಗಾದ್ರೆ ದಂಡ," ಎಂದಳು ಅವ್ವ.

ಆ ದಿನದ ಅವಮಾನ ಮೇಡಂಗೆ ಅನ್ನ ಸೇರದಂತೆ ಮಾಡಿತು. ಹಟಕ್ಕೆ ಬಿದ್ದವಳಂತೆ ಎಂಟೇ ದಿನದಲ್ಲಿ ಎಲ್ಲವನ್ನೂ ಕಲಿತಳು. ಪಾಠದ ವಿಡಿಯೋ ಹಾಕುವುದು, ಪರದೆಯ ಮೇಲೆ ಬರೆಯುವುದು, ಪ್ರಶ್ನೆ ಕಳಿಸುವುದು ಎಲ್ಲ ಬಂತು. ಮೂವತ್ತು ವರ್ಷ ಸರ್ವೀಸಾಗಿದ್ದ ಹೆಡ್‌ಮಾಸ್ಟರಿಗೆ ಫೋನಿನಲ್ಲಿ ಒಂದು ಸಾಲು ಬರೆಯುವುದು ಬಿಟ್ಟರೆ ಟ್ಯಾಬ್ ಆನ್ ಮಾಡುವುದಕ್ಕೂ ಬರುತ್ತಿರಲಿಲ್ಲ. ಅವರು ತಮ್ಮ ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದುಕೊಟ್ಟು ತಮ್ಮ ಕೆಲಸವನ್ನೂ ಅವಳ ತಲೆಗೇ ಕಟ್ಟಿದರು. ಹಾಗೆ ಕಟ್ಟುವಾಗ ಗುತ್ತಿಗೆ, ಕಾಯಂ ಎಂಬ ಭೇದ ಅವರಿಗೆ ಅಡ್ಡ ಬರಲಿಲ್ಲ.

ಆದರೆ ಈ ಹೊಸ ಯಂತ್ರದ ಹಾಜರಿಯೇ ಅವಳ ನಿದ್ದೆ ಕೆಡಿಸಿತು. ಹಳೆಯ ಪುಸ್ತಕದಲ್ಲಾದರೆ ತಡವಾಗಿ ಬಂದ ಮಗುವಿನ ಹೆಸರಿನ ಮುಂದೆ ಸಂಜೆ ಬೇಕಾದರೂ ಗೀಟು ಎಳೆಯಬಹುದಿತ್ತು. ಇದು ಹಾಗಲ್ಲ. ಒಂಬತ್ತರಿಂದ ಒಂಬತ್ತೂಕಾಲರೊಳಗೆ ಇಡೀ ತರಗತಿಯ ಫೋಟೋ ತೆಗೆಯಬೇಕು. ಟ್ಯಾಬ್ ತಾನೇ ಮುಖಗಳನ್ನು ಎಣಿಸಿಕೊಳ್ಳುತ್ತದೆ. ಸಿಕ್ಕ ಮುಖಕ್ಕೆ ಹಸಿರು, ಸಿಗದ ಮುಖಕ್ಕೆ ಕೆಂಪು. ಆಮೇಲೆ ಬಾಗಿಲು ಬಡಿದಂತೆ ಮುಚ್ಚಿಕೊಳ್ಳುತ್ತದೆ. ಇಪ್ಪತ್ತು ದಿನ ಎಡಬಿಡದೆ ಕೆಂಪು ಬಿದ್ದರೆ ಮಗುವಿನ ಹೆಸರು ಶಾಲೆಯಿಂದ ತಾನಾಗಿಯೇ ಬಿದ್ದುಹೋಗುತ್ತದೆ.

ಪಿಳ್ಳಿಗೂ ಅವಳ ಚಿಕ್ಕಪ್ಪನ ಮಗಳು ಗೊಣಗಿಗೂ ದಿನಾ ಕೆಂಪು ಬೀಳುತ್ತಿತ್ತು. ಇಬ್ಬರೂ ಮೇಡಂ ಇದ್ದ ಸಾಲುಮನೆಗಳವರೇ, ಊರಿನ ಕಸ ಗುಡಿಸುವವರ ಮಕ್ಕಳು. ಇಬ್ಬರೂ ಎಂಟೂವರೆಗೇ ಶಾಲೆಗೆ ಬರುತ್ತಿದ್ದರು, ಎಲ್ಲರಿಗಿಂತ ಮೊದಲು. ಬಂದು, ಪಾಟೀಚೀಲವನ್ನು ಗೋಡೆಗೆ ಒರಗಿಸಿ, ಲಂಗ ಎತ್ತಿ ಕಟ್ಟಿ, ಹೆಡ್‌ಮಾಸ್ಟರ ಅಪ್ಪಣೆಯಂತೆ ಶಾಲೆಯ ಪಾಯಿಖಾನೆ ತಿಕ್ಕುತ್ತಿದ್ದರು. ಮುಗಿಯುವಾಗ ಒಂಬತ್ತೂಮುಕ್ಕಾಲು.

ಯಾಕೆ ಬರಲಿಲ್ಲ ಎಂದು ಟ್ಯಾಬ್ ಕೇಳುತ್ತಿತ್ತು. ಉತ್ತರಕ್ಕೆ ಮೂರೇ ದಾರಿ: ಕಾಯಿಲೆ, ಊರಿಗೆ ಹೋಗಿದ್ದಾರೆ, ಇತರೆ. ಮೇಡಂ ದಿನಾ ಇತರೆ ಒತ್ತುತ್ತಿದ್ದಳು. ಯಾರಾದರೂ ಅದನ್ನು ಓದಿ, ಇತರೆ ಎಂದರೇನಮ್ಮ ಎಂದು ಕೇಳಿಯಾರೆಂದು ಮೊದಮೊದಲು ಕಾದಿದ್ದಳು. ಅವಳೆಂಥ ಪೆದ್ದಿ!

ಅವಳೂ ಇದೇ ಶಾಲೆಯಲ್ಲಿ ಓದಿದವಳು, ಇದೇ ಪಾಯಿಖಾನೆಯ ಕಲ್ಲುಗಳನ್ನು ತಿಕ್ಕಿದವಳು. ಆಗ ಮೊದಲ ಪಿರಿಯಡ್ಡು ಲೆಕ್ಕದ್ದು. ಅದಕ್ಕೇ ಭಿನ್ನರಾಶಿ ಅವಳಿಗೆ ಬಂದದ್ದು ಇಪ್ಪತ್ತನೇ ವಯಸ್ಸಿಗೆ, ಯಾರಿಗೂ ಹೇಳದೆ, ಐದನೇ ಕ್ಲಾಸಿನ ಪುಸ್ತಕ ಇಟ್ಟುಕೊಂಡು.

ಹತ್ತೊಂಬತ್ತನೇ ಕೆಂಪು ಬಿದ್ದ ಶನಿವಾರ ಅವಳು ಹೆಡ್‌ಮಾಸ್ಟರ ಕೋಣೆಗೆ ಹೋದಳು. ಅವಳ ಗುತ್ತಿಗೆ ಮುಂದುವರಿಸುವ ಕಾಗದ ಅವರ ಮೇಜಿನ ಮೇಲೆ, ಸಹಿಯಿಲ್ಲದೆ, ಎರಡು ವಾರದಿಂದ ಬಿದ್ದಿತ್ತು.

"ಸಾರ್, ಸೋಮವಾರ ಆ ಇಬ್ರು ಮಕ್ಕಳನ್ನ ಒಂಬತ್ತೂಕಾಲರ ತನಕ ಕ್ಲಾಸಲ್ಲಿ ಕೂರೋಕೆ ಬಿಡಿ. ಫೋಟೋಗೆ ಸಿಗ್ಲಿ. ಆಮೇಲೆ ಬೇಕಾದ್ರೆ..."

ಆಮೇಲೆ ಬೇಕಾದರೆ ಏನು? ತನ್ನ ಬಾಯಿಂದ ಹೊರಟ ಮಾತಿಗೆ ಅವಳಿಗೇ ನಾಚಿಕೆಯಾಯಿತು.

"ಆಮೇಲೆ ಯಾರು ತೊಳೀತಾರೆ? ನೀವು ತೊಳೀತೀರಾ?" ಹೆಡ್‌ಮಾಸ್ಟರ್ ನಕ್ಕರು.

"ತೊಳೆಯೋಕೆ ಅಂತಲೇ ಒಬ್ಬಳು ಆಯಾ ಇದಾಳಲ್ಲ ಸಾರ್. ಸಂಬಳದ ಪಟ್ಟೀಲಿ ಅವಳ ಹೆಸರು ನಾನೇ ಟೈಪ್ ಮಾಡಿದೀನಿ."

"ಅವಳು ನಮ್ಮನೇಲಿ ಕೆಲಸ ಮಾಡ್ತಾಳೆ. ಅದಕ್ಕೇನೀಗ?" ನಗು ನಿಂತಿತು. "ನೋಡಿ ಮೇಡಂ, ಕೆಲವರಿಗೆ ಕೈಗುಣ ಅಂತ ಇರುತ್ತೆ. ನಿಮ್ಮ ಸಾಲುಮನೆ ಮಕ್ಕಳು ತಿಕ್ಕಿದ ಹಾಗೆ ಬೇರೆಯವರು ತಿಕ್ಕಿದ್ರೆ ಹೊಳಿಯಲ್ಲ. ಬೈಗುಳ ಅಂದ್ಕೋಬೇಡಿ, ಹೊಗಳ್ತಾ ಇದೀನಿ."

"ಹೆಸರು ಬಿದ್ದುಹೋಗುತ್ತೆ ಸಾರ್."

"ಬೀಳ್ಲಿ. ಓದಿ ಇನ್ನೇನು ಕಡಿದು ಕಟ್ಟೆ ಹಾಕ್ತಾರೆ? ಹೆಸರಿಲ್ಲದಿದ್ರೂ ಬಂದು ಕೂರ್ಲಿ, ನಾನೇನು ಓಡಿಸ್ತೀನಾ?" ಬೆರಳಿನಿಂದ ಅವಳ ಕಾಗದವನ್ನು ಮೆಲ್ಲಗೆ ತಟ್ಟಿದರು. "ಸೋಮವಾರ ನಮ್ಮದು ಮಾದರಿ ಪಾಠ. ಸಾಹೇಬರು ಆಫೀಸಲ್ಲೇ ಕೂತು ನೋಡ್ತಾರೆ, ಐವತ್ತು ಶಾಲೆಯವರೂ ನೋಡ್ತಾರೆ. ಅದು ಚೆನ್ನಾಗಿ ಆಗ್ಲಿ, ಆವಾಗ ಇದಕ್ಕೆ ಸಹಿ."

ಸಂಜೆ ನಲ್ಲಿಯ ಹತ್ತಿರ ಅವ್ವನಿಗೆ ಎಲ್ಲ ಹೇಳಿದಳು.

"ಸುಮ್ನಿರು ತಾಯಿ," ಎಂದಳು ಅವ್ವ. "ನಿನ್ನ ಕೆಲಸ ಹೋದ್ರೆ ನೀನೂ ನನ್ನ ಜೊತೆ ಗಟಾರಕ್ಕೆ ಇಳೀಬೇಕು. ಅದನ್ನ ನೋಡೋಕೆ ನಿನ್ನ ಓದಿಸಿದ್ನಾ?" ಕೊಡವನ್ನು ನಲ್ಲಿಯ ಕೆಳಗಿಟ್ಟು ಕೇಳಿದಳು: "ಪಿಳ್ಳಿ ಅವ್ವಂಗೆ ಹೇಳಿದ್ಯಾ?"

"ಹೇಳ್ದೆ. ತಿಕ್ಕೋದನ್ನೇ ಕಲಿಯೋದಾದ್ರೆ ಅಲ್ಲಿಗ್ಯಾಕೆ, ನನ್ನ ಜೊತೆಗೇ ಕರ್ಕೊಂಡು ಹೋಗ್ತೀನಿ ಅಂದ್ಳು."

ಅವ್ವ ತುಂಬಿದ ಕೊಡ ಎತ್ತಿಕೊಳ್ಳದೆ ನಿಂತೇ ಇದ್ದಳು. ಸುಮ್ಮನಿರು ಎಂದು ಮತ್ತೆ ಹೇಳಲಿಲ್ಲ.

ಸೋಮವಾರ ಹೆಡ್‌ಮಾಸ್ಟರ್ ಇಸ್ತ್ರಿ ಅಂಗಿ ಹಾಕಿಕೊಂಡು ತರಗತಿಯ ಹಿಂದಿನ ಗೋಡೆಗೆ ಅಂಟಿಕೊಂಡಂತೆ ನಿಂತಿದ್ದರು. ಟ್ಯಾಬಿನಿಂದ ಸಾಹೇಬರ ದನಿ ಬಂತು.

"ಮೊದಲು ಹಾಜರಿ ತಗೊಳ್ಳೋದು ತೋರಿಸ್ರೀ ಮೇಡಂ. ಎಲ್ಲರೂ ನೋಡಿ ಕಲೀಲಿ."

ಗಂಟೆ ಒಂಬತ್ತು ಏಳು. ಮೇಡಂ ಟ್ಯಾಬ್ ಎತ್ತಿ ಹಿಡಿದಳು. ಮುಖಗಳ ಮೇಲೆ ಹಸಿರು ಚೌಕಗಳು ಒಂದೊಂದಾಗಿ ಮೂಡಿದವು. ಮೂವತ್ತಮೂರಕ್ಕೆ ಮೂವತ್ತೊಂದು.

"ಇಬ್ಬರು ತಾನೇ, ಪರವಾಗಿಲ್ಲ. ಒತ್ತಿ," ಎಂದರು ಸಾಹೇಬರು.

ಅವಳ ಹೆಬ್ಬೆರಳು ಗುಂಡಿಯ ಮೇಲೆ ಹೋಗಿ ನಿಂತಿತು. ಒತ್ತಿದರೆ ಮುಗಿಯಿತು, ಮಧ್ಯಾಹ್ನಕ್ಕೆ ಸಹಿ.

"ತಾಳಿ ಸಾರ್. ಅವರೂ ಸ್ಕೂಲಲ್ಲೇ ಇದಾರೆ," ಎಂದಳು. "ಮಕ್ಕಳೇ, ಎದ್ದೇಳಿ. ಸಾಲಾಗಿ ನನ್ನ ಹಿಂದೆ ಬನ್ನಿ."

ಹೊರಗೆ ಹೂವಿನ ಕುಂಡಗಳನ್ನು ತೋರಿಸಲು ಹೊರಟಿದ್ದಾಳೆಂದು ತಿಳಿದ ಹೆಡ್‌ಮಾಸ್ಟರ್, ಟ್ಯಾಬ್ ಕಡೆ ಹಲ್ಲು ಬಿಡುತ್ತಾ ಪಕ್ಕದಲ್ಲೇ ನಡೆದರು. ಕಟ್ಟಡದ ಮೂಲೆ ತಿರುಗುವ ತನಕ ಆ ನಗು ಇತ್ತು.

ಪಾಯಿಖಾನೆಯ ಬಾಗಿಲು ತೆರೆದಿತ್ತು. ಆ್ಯಸಿಡ್ಡಿನ ಘಾಟಿಗೆ ಮುಂದಿದ್ದ ಮಕ್ಕಳು ಕೆಮ್ಮಿದರು. ಪಿಳ್ಳಿ ಕುಕ್ಕರುಗಾಲಲ್ಲಿ ಕೂತು ಬರಿಗೈಯಲ್ಲಿ ಪೊರಕೆ ಹಿಡಿದು ಕಲ್ಲು ತಿಕ್ಕುತ್ತಿದ್ದಳು. ಗೊಣಗಿ ಬಕೆಟ್ ಎತ್ತಿ ನೀರು ಸುರಿಯುತ್ತಿದ್ದಳು. ಇಡೀ ತರಗತಿಯನ್ನು ಕಂಡು ಇಬ್ಬರೂ ಬೆಚ್ಚಿಬಿದ್ದರು. ಪಿಳ್ಳಿ ಪೊರಕೆಯನ್ನು ಬೆನ್ನ ಹಿಂದೆ ಸರಿಸಿದಳು.

"ಬಚ್ಚಿಡ್ಬೇಡ ಕಣೇ. ಹಿಡ್ಕೋ," ಎಂದಳು ಮೇಡಂ. "ಇಬ್ರೂ ಇಲ್ಲಿ ಮಧ್ಯಕ್ಕೆ ಬನ್ನಿ. ಉಳಿದವರು ಅವರ ಅಕ್ಕಪಕ್ಕ ನಿಲ್ಲಿ. ಎಲ್ಲಾ ಇಲ್ಲಿ ನೋಡಿ."

"ಏಯ್, ಏನು ಮಾಡ್ತಿದೀಯಾ?" ಹೆಡ್‌ಮಾಸ್ಟರ ದನಿ ಕಿರುಚಲಾಯಿತು. "ಅಲ್ಲಿ ತಿರುಗಿಸ್ಬೇಡ! ಆಫ್ ಮಾಡು!"

ಹಸಿರು ಚೌಕಗಳು ಮೂಡಿದವು. ಒದ್ದೆ ಮುಖದ ಪಿಳ್ಳಿಗೂ ಒಂದು, ಬಕೆಟ್ ಹಿಡಿದ ಗೊಣಗಿಗೂ ಒಂದು. ಮೂವತ್ತಮೂರಕ್ಕೆ ಮೂವತ್ತಮೂರು. ಗಂಟೆ ಒಂಬತ್ತು ಹದಿಮೂರು. ಮೇಡಂ ಒತ್ತಿದಳು.

"ಅಳಿಸು ಅದನ್ನ! ಅಳಿಸೇ ಮುಂಡೆ! ನಿನ್ನ ಜಾಗ ಎಲ್ಲೋ ಅಲ್ಲೇ ಬಿಟ್ಟಿದ್ರೆ ಚೆನ್ನಾಗಿತ್ತು, ಕುರ್ಚಿ ಕೊಟ್ಟಿದ್ದು ನಮ್ಮ ತಪ್ಪು!"

"ಅಳಿಸೋಕೆ ಬರಲ್ಲ ಸಾರ್. ನನಗೆ ಅದೊಂದು ಕಲಿಸಿಲ್ಲ."

ಐವತ್ತು ಚೌಕಗಳಲ್ಲಿ ಈ ಸಲ ಯಾರೂ ನಗಲಿಲ್ಲ. ಸಾಹೇಬರು ತಣ್ಣಗೆ ಕೇಳಿದರು: "ಆ ಮೇಡಂ ಗುತ್ತಿಗೆಯವರಲ್ವಾ?"

"ಹೌದು ಸಾರ್, ಹೌದು," ಎಂದು ಹೆಡ್‌ಮಾಸ್ಟರ್ ಟ್ಯಾಬಿಗೆ ಕೈ ಮುಗಿದರು.

"ಸರಿ."

ಸಾಹೇಬರ ಚೌಕ ಕಪ್ಪಾಯಿತು. ಆ ಒಂದು ಮಾತಿನಲ್ಲಿ ಏನೇನಿದೆ ಎಂದು ಮೇಡಂಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಅವ್ವನ ಮುಖ ಕಣ್ಣಮುಂದೆ ಬಂತು. ಆದರೂ ಇಬ್ಬರು ಹುಡುಗಿಯರ ಹೆಗಲ ಮೇಲೆ ಕೈಯಿಟ್ಟು ತರಗತಿಗೆ ನಡೆಸಿಕೊಂಡು ಬಂದಳು. ಮುಂದಿನ ಬೆಂಚಿನಲ್ಲಿ ಕೂರಿಸಿದಳು. ಪಕ್ಕದ ಹುಡುಗಿ ಮೂಗು ಮುಚ್ಚಿಕೊಂಡು ಸರಿದಳು. ಗೊಣಗಿ ಎದ್ದು ನೆಲಕ್ಕೆ ಇಳಿಯಹೋದಾಗ ಮೇಡಂ, "ಕೂತ್ಕೋ," ಎಂದಳು. ಆ ದನಿಗೆ ಪಕ್ಕದವಳೂ ಮೂಗಿನಿಂದ ಕೈ ತೆಗೆದಳು.

ಬೋರ್ಡಿನ ಮೇಲೆ ಮೇಡಂ ಮೂವತ್ತಮೂರನ್ನು ಬರೆದು, ಕೆಳಗೊಂದು ಗೆರೆ ಎಳೆದು, ಅದರ ಕೆಳಗೆ ಮತ್ತೆ ಮೂವತ್ತಮೂರು ಬರೆದಳು.

ಅಷ್ಟರಲ್ಲಿ ಹೆಡ್‌ಮಾಸ್ಟರ್ ಅವಳ ಕಾಗದವನ್ನು ಕೈಯಲ್ಲಿ ಹಿಡಿದು, ಏದುಸಿರು ಬಿಡುತ್ತಾ ಬಾಗಿಲಿಗೆ ಬಂದರು. ಬಾಯಿ ತೆರೆಯುವ ಮುಂಚೆಯೇ ಪಿಳ್ಳಿ ಕೈ ಎತ್ತಿದಳು. ಆ್ಯಸಿಡ್ಡಿಗೆ ಬೆಳ್ಳಗಾಗಿ ಸುಲಿದ ಕೈ.

"ಮೇಡಂ, ಎರಡು ಕಲ್ಲು ಹಾಗೇ ಉಳಿದಿವೆ. ಅವನ್ನ ಯಾರು ತಿಕ್ತಾರೆ?"

"ಸಾರ್ ಬಂದಿದಾರಲ್ಲ," ಎಂದಳು ಮೇಡಂ, "ಅವರನ್ನೇ ಕೇಳು."

ಮೂವತ್ತಮೂರು ಮುಖಗಳೂ ಬಾಗಿಲ ಕಡೆ ತಿರುಗಿ ಉತ್ತರಕ್ಕೆ ಕಾಯುತ್ತಾ ಕೂತವು.