ಮೀನಿನ ತೊಟ್ಟಿಯ ತಣ್ಣನೆಯ ಮೂಲೆ

ಮೂರನೆಯ ಏಂಜಲ್ ಮೀನು ಸತ್ತು ತೇಲಿದ ಬೆಳಿಗ್ಗೆ ಅಣ್ಣ ಬಾಯಿಗೆ ಬಂದದ್ದನ್ನೆಲ್ಲ ಅಂದುಬಿಟ್ಟ. ತಂಗಿ ಲೆಕ್ಕವಿಲ್ಲದೆ ತಿಂಡಿ ಸುರಿಯುತ್ತಾಳಂತೆ, ನೀರು ಕೆಡಿಸುತ್ತಾಳಂತೆ. ಕೊನೆಗೆ ಸತ್ತ ಮೀನನ್ನು ಜಾಲರಿಯಲ್ಲಿ ಎತ್ತುತ್ತ, "ನಿನ್ನ ಕೈಯಲ್ಲಿ ಒಂದು ಜೀವಾನೂ ಉಳಿಯಲ್ಲ" ಅಂದ.

ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದ ಅತ್ತಿಗೆಯ ಸದ್ದು ಥಟ್ಟನೆ ನಿಂತಿತು. ತಂಗಿಯ ಕೂಸು ಹನ್ನೊಂದು ದಿನ ಬದುಕಿ ಹೋಗಿ ಇನ್ನೂ ಎರಡು ವರ್ಷ ತುಂಬಿರಲಿಲ್ಲ. ಆಗ "ಇದೂ ನಿನ್ನ ಮನೇನೇ ಕಣೇ" ಎಂದು ಕೈಹಿಡಿದು ಕರೆತಂದವನು ಇದೇ ಅಣ್ಣ. ಅವನ ಬಾಯಲ್ಲಿ ಈ ಮಾತು! ತಂಗಿಗೆ ಅಳು ಬರಲಿಲ್ಲ. ಅಂಗಾಲಿನಿಂದ ನೆತ್ತಿಯವರೆಗೆ ಉರಿದುಹೋಯಿತು.

ಅಣ್ಣ ಕಾರ್ಖಾನೆಯೊಂದರಲ್ಲಿ ಅಳತೆಯ ಉಪಕರಣಗಳನ್ನು ಪರೀಕ್ಷಿಸುವವನು. ಸರಿಯಿದ್ದರೆ ಹಸಿರು ಚೀಟಿ ಅಂಟಿಸುತ್ತಾನೆ. ಹಸಿರು ಚೀಟಿ ಬಿದ್ದದ್ದನ್ನು ಅಲ್ಲಿ ಯಾರೂ ಮರುಪ್ರಶ್ನೆ ಮಾಡುವುದಿಲ್ಲ. ತೊಟ್ಟಿಯ ಥರ್ಮಾಮೀಟರಿಗೂ ಮಹಾಶಯ ಒಂದು ಚೀಟಿ ಅಂಟಿಸಿ, ಬೆಚ್ಚನೆಯ ನೀರಲ್ಲಷ್ಟೇ ಬದುಕುವ ಆ ಮೀನುಗಳಿಗೆಂದು ಹಾಕಿದ್ದ ಹೀಟರಿನ ಪಕ್ಕದಲ್ಲೇ ಒತ್ತಿ ಕೂರಿಸಿದ್ದ. ಅದು ಸದಾ ಇಪ್ಪತ್ತಾರು ಡಿಗ್ರಿ ತೋರಿಸುತ್ತಿತ್ತು.

ತಂಗಿಯ ಕೆಲಸ ಲಾಂಡ್ರಿಯಲ್ಲಿ, ಉಣ್ಣೆಬಟ್ಟೆಯ ವಿಭಾಗ. ನೀರು ಸ್ವಲ್ಪ ಬಿಸಿಯಾದರೂ ಸ್ವೆಟರು ಕುಗ್ಗಿ ಗೊಂಬೆಯ ಅಂಗಿಯಾಗುತ್ತದೆ. ಆರು ವರ್ಷದಿಂದ ಮೊದಲು ಕೈ ಅದ್ದಿ, ಆಮೇಲೆ ಬಟ್ಟೆ ಅದ್ದುವವಳು. ಆ ವಾರದಲ್ಲೇ ಎರಡು ಸಲ ಹೇಳಿದ್ದಳು: "ಅಣ್ಣ, ತೊಟ್ಟಿಯ ಆ ಕಡೆ ನೀರು ತಣ್ಣಗಿದೆ." ಎರಡು ಸಲವೂ ಅವನು ನಕ್ಕಿದ್ದ. "ನಿನ್ನ ಕೈಯೇನು ಥರ್ಮಾಮೀಟರಾ?"

ಮಧ್ಯಾಹ್ನ ಅವಳು ಲಾಂಡ್ರಿಯಿಂದಲೇ ಅಣ್ಣನಿಗೆ ಫೋನ್ ಮಾಡಿದಳು. "ನಿಮ್ಮ ಕಾರ್ಖಾನೆ ಲ್ಯಾಬಿನ ಒಳ್ಳೇ ಥರ್ಮಾಮೀಟರ್ ಹಿಡ್ಕೊಂಡು ಬಾ. ಇಲ್ಲಾಂದ್ರೆ ಮನೆಗೇ ಬರಬೇಡ."

ಅವನದೇ ಮನೆ! ಆದರೂ ಸಂಜೆ ಅವನು ಅದನ್ನು ಬಟ್ಟೆಯಲ್ಲಿ ಸುತ್ತಿ ತಂದ. ಅವಳನ್ನು ಸುಳ್ಳುಗಾರ್ತಿ ಮಾಡುವ ಹುಮ್ಮಸ್ಸು ಬೇರೆ ಇತ್ತು.

ಹೀಟರಿನ ಪಕ್ಕ ಅದ್ದಿದ. ಇಪ್ಪತ್ತಾರು. "ನೋಡಿದ್ಯಾ?"

"ಇನ್ನೂ ಆ ಕಡೆ."

ನಡುವೆ ಇಪ್ಪತ್ತಮೂರು. ಆ ತುದಿಯ ಮೂಲೆಯಲ್ಲಿ ಇಪ್ಪತ್ತು. ತೆಗೆದು ಒರೆಸಿ ಮತ್ತೆ ಅದ್ದಿದ. ಇಪ್ಪತ್ತೇ. ಉಳಿದ ಎರಡು ಮೀನು ಹೀಟರಿಗೆ ಆತುಕೊಂಡು ನಿಂತಿದ್ದವು.

"ನೀರು ತಿರುಗಿಸೋ ಪಂಪು ಯಾಕೆ ನಿಂತಿದೆ?" ಎಂದಳು.

ಅದನ್ನು ನಿಲ್ಲಿಸಿದವನು ಅವನೇ. ಟಿವಿ ನೋಡುವಾಗ ಗುಂಯ್‌ಗುಡುತ್ತದೆ ಎಂದು ಹತ್ತು ದಿನದ ಹಿಂದೆ ತಂತಿ ಕಿತ್ತಿಟ್ಟಿದ್ದ. ತೆಪ್ಪಗೆ ಹೋಗಿ ಮತ್ತೆ ಸಿಕ್ಕಿಸಿದ. ನೀರು ಅಲುಗಾಡತೊಡಗಿತು.

"ಆಯ್ತು, ತಪ್ಪು ನಂದೇ. ನೀರಿನ ವಿಷಯದಲ್ಲಿ ನೀನೇ ಸರಿ," ಎಂದ. ದೊಡ್ಡ ಮನಸ್ಸು ಮಾಡಿದವನ ಧಾಟಿ.

"ನೀರಿನ ವಿಷಯ ನನಗೆ ಮೊದಲೇ ಗೊತ್ತಿತ್ತು. ಬೆಳಿಗ್ಗೆ ಇನ್ನೊಂದು ಅಂದ್ಯಲ್ಲ?"

ಅಣ್ಣನ ಮುಖ ಕಪ್ಪಿಟ್ಟಿತು. "ಅದು... ಬಾಯಿ ತಪ್ಪಿ ಬಂತು ಕಣೇ."

"ಬಾಯಿಗೆ ಬರೋಕೆ ಮುಂಚೆ ಎಲ್ಲಿತ್ತು? ಇಷ್ಟು ದಿನ ನನಗೆ ಊಟಕ್ಕೆ ಬಾ ಅಂತ ಕರೆಯೋವಾಗ್ಲೂ ಅದು ಒಳಗೇ ಇತ್ತಾ?"

ಅವನು ಇಲ್ಲ ಎನ್ನಬಹುದಿತ್ತು. ಬದಲಿಗೆ ಸಹಾಯಕ್ಕೆಂಬಂತೆ ಹೆಂಡತಿಯ ಕಡೆ ನೋಡಿದ. ಅತ್ತಿಗೆ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಬಂದು ನಾದಿನಿಯ ಪಕ್ಕ ನಿಂತಳು.

"ಹೇಳ್ರೀ," ಎಂದಳು. "ನಾನೂ ಕೇಳ್ಕೋತೀನಿ."